ಕಾರಣ ಹೇಳದೆ ಬೇಡ ಅಂದಾಗ

ದೊಡ್ಡ ಟೆಕ್ ಕಂಪನಿಯ ಇಂಟರ್‌ವ್ಯೂನಲ್ಲಿ ರಿಜೆಕ್ಟ್ ಆಗಿ, ನಿದ್ದೆ, ಊಟ ಎಲ್ಲ ಕೆಟ್ಟು ನನ್ನ ಹತ್ತಿರ ಸಲಹೆಗೆ ಬರುವವರು ಈಗ ಜಾಸ್ತಿ ಆಗಿದ್ದಾರೆ. ಎಲ್ಲರ ಕಥೆಯೂ ಸುಮಾರು ಒಂದೇ. ಅದಕ್ಕೇ ಒಬ್ಬರದನ್ನು ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಊರು ಬದಲಿಸಿದ್ದೇನೆ.

ಅವರನ್ನು ಮಹೇಶ್ ಎನ್ನೋಣ. ವಯಸ್ಸು 27. ಹಾಸನದ ಕಡೆಯವರು. ಮಾರತಹಳ್ಳಿಯ ಪಿಜಿಯಲ್ಲಿ ವಾಸ, ಒಂದು ಐಟಿ ಸರ್ವಿಸ್ ಕಂಪನಿಯಲ್ಲಿ ಕೆಲಸ, ರಾತ್ರಿ ಎರಡರವರೆಗೆ ಲೀಟ್‌ಕೋಡ್ ಎಂಬ ವೆಬ್‌ಸೈಟಿನಲ್ಲಿ ಇಂಟರ್‌ವ್ಯೂಗೆ ಕೋಡಿಂಗ್ ಪ್ರಾಬ್ಲಂಗಳ ಅಭ್ಯಾಸ. ಒಂದೇ ಕಂಪನಿಗೆ ಎರಡು ಸಲ ಪ್ರಯತ್ನಿಸಿದ್ದರು. ಎರಡನೇ ಸಲ ಕೊನೆಯ ಸುತ್ತಿನವರೆಗೂ ಹೋಗಿದ್ದರು. ಕಂಪನಿಯ ಪರವಾಗಿ ಸಂಪರ್ಕದಲ್ಲಿದ್ದ ರಿಕ್ರೂಟರ್ ಚೆನ್ನಾಗಿ ಮಾತಾಡಿದ್ದರಿಂದ ಕೆಲಸ ಸಿಕ್ಕೇ ಬಿಟ್ಟಿತು ಅಂದುಕೊಂಡು ಅಪ್ಪನಿಗೆ ಹೇಳಿದರು. ಅಪ್ಪ ಊರಿಗೆಲ್ಲ ಹೇಳಿದರು. ಆಮೇಲೆ ಬಂದಿದ್ದು ಎರಡು ಸಾಲಿನ ಇಮೇಲ್. ಮಹೇಶ್ ನನ್ನನ್ನು ಕೇಳಲು ಬಂದ ಪ್ರಶ್ನೆ ಒಂದೇ: ಇರುವ ಕೆಲಸ ಬಿಟ್ಟು ಪೂರ್ತಿ ತಯಾರಿಗೆ ಕೂತುಕೊಳ್ಳಲಾ?

ಮೊದಲ ಭೇಟಿಗಳಲ್ಲಿ ಅವರು ಜಾಸ್ತಿ ಮಾತಾಡಲಿಲ್ಲ. ಒಂದು ದಿನ ನೋಟ್‌ಬುಕ್ ತಂದರು. ಪುಟಪುಟವೂ ಬಿಡಿಸಿದ ಪ್ರಾಬ್ಲಂಗಳು. ಕೊನೆಯ ಪುಟದಲ್ಲಿ ಒಂದು ಪಟ್ಟಿ ಇತ್ತು. ಮೇಲೆ ‘ಸೆಲೆಕ್ಟ್ ಆಗದ ಕಾರಣ’ ಎಂದು ಬರೆದು ಅಡಿಗೆರೆ ಎಳೆದಿದ್ದರು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಹೆಸರಿಲ್ಲದ ಕಾಲೇಜು. ನಾಲ್ಕು ವರ್ಷ ಬರೀ ಸಪೋರ್ಟ್ ಕೆಲಸ. ಕೊನೆಯ ಸಾಲು: ‘ನನ್ನ ತಲೆ ಇರೋದೇ ಅಷ್ಟು.’

“ಇದನ್ನೆಲ್ಲ ಕಂಪನಿಯವರು ಹೇಳಿದರಾ?” ಎಂದೆ.

“ಇಲ್ಲ ಮೇಡಂ. ಅವರು ಕೇಳಿದ್ರೂ ಹೇಳಲ್ಲ.”

“ಮತ್ತೆ ಇದು ಎಲ್ಲಿಂದ ಬಂತು?”

ಅವರು ಪುಟವನ್ನೇ ನೋಡುತ್ತಾ ಕೂತರು. ಆಮೇಲೆ, “ಏನೋ ಒಂದು ಕಾರಣ ಇರಲೇಬೇಕಲ್ವಾ ಮೇಡಂ? ಒಂದು ಸಾಲು ಹೇಳಿದ್ದರೂ ಸಾಕಿತ್ತು. ಹೇಳಲಿಲ್ಲ. ಅದಕ್ಕೆ ನಾನೇ ಬರೆದುಕೊಂಡೆ” ಎಂದರು.

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಕಾರಣ ಹೇಳಿದರೆ ವಾದಕ್ಕೆ, ಕೋರ್ಟಿಗೆ ದಾರಿಯಾದೀತು ಅಂತ ಕಂಪನಿಗಳು ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ. ಅವರು ಬಿಟ್ಟ ಖಾಲಿ ಜಾಗವನ್ನು ನಮ್ಮ ಮಕ್ಕಳು ತಮ್ಮ ಹಳೆಯ ಅವಮಾನಗಳಿಂದ ತುಂಬಿಕೊಳ್ಳುತ್ತಾರೆ. ಮಹೇಶ್ ಬರೆದ ಒಂದೊಂದು ಸಾಲೂ ಇಂಟರ್‌ವ್ಯೂಗಿಂತ ಎಷ್ಟೋ ವರ್ಷ ಹಿಂದಿನ ನೋವು.

ಅದೇ ಪುಟದ ಪಕ್ಕದಲ್ಲಿ, ಆ ದಿನ ನಿಜವಾಗಿ ನಡೆದದ್ದನ್ನು ಮಾತ್ರ ಬರೆಯಲು ಹೇಳಿದೆ. ಬಹಳ ಹೊತ್ತಿನ ನಂತರ ಒಂದು ವಿಷಯ ಹೊರಬಂತು. ಒಂದು ಸುತ್ತಿನಲ್ಲಿ ಅವರು ಮಾತಿಲ್ಲದೆ ಕೂತುಬಿಟ್ಟಿದ್ದರು. “ಏನು ಯೋಚನೆ ಮಾಡ್ತಿದ್ದೀರಿ, ಹೇಳಿ” ಎಂದು ಎದುರಿನವರು ಎರಡು ಸಲ ಕೇಳಿದ್ದರು. “ಯೋಚನೆ ಕನ್ನಡದಲ್ಲಿ ಬರುತ್ತೆ ಮೇಡಂ. ಅದನ್ನು ಇಂಗ್ಲಿಷಿಗೆ ತರೋಷ್ಟರಲ್ಲಿ ಟೈಮ್ ಹೋಗುತ್ತೆ.” ಇಂಥ ಇಂಟರ್‌ವ್ಯೂಗಳಲ್ಲಿ ಬಾಯಿಬಿಟ್ಟು ಹೇಳಿದ ಯೋಚನೆಗೂ ಅಂಕ ಇರುತ್ತದೆ. ಮನಸ್ಸಿನಲ್ಲೇ ಬಿಡಿಸಿದ್ದು ಅವರಿಗೆ ಹೇಗೆ ಕಾಣಬೇಕು? ಇದು ತಿದ್ದಿಕೊಳ್ಳಬಹುದಾದ ಸಂಗತಿ. ‘ತಲೆ ಇರೋದೇ ಅಷ್ಟು’ ಎಂಬುದನ್ನು ತಿದ್ದುವುದು ಹೇಗೆ?

ಇನ್ನೊಂದು ವಿಷಯವನ್ನೂ ಅವರಿಗೆ ಬಿಡಿಸಿ ಹೇಳಿದೆ. ತಪ್ಪು ವ್ಯಕ್ತಿ ಒಳಗೆ ಬರುವುದಕ್ಕಿಂತ ಸರಿಯಾದ ವ್ಯಕ್ತಿ ಕೈತಪ್ಪಿದರೂ ಪರವಾಗಿಲ್ಲ ಎಂಬ ಲೆಕ್ಕದಲ್ಲಿ ಈ ಕಂಪನಿಗಳು ಆರಿಸುತ್ತವೆ. ಗೂಗಲ್‌ನಲ್ಲಿ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಜ್ಲೊ ಬಾಕ್ 2013ರಲ್ಲಿ ನ್ಯೂಯಾರ್ಕ್ ಟೈಮ್ಸ್‌ಗೆ ಕೊಟ್ಟ ಸಂದರ್ಶನದಲ್ಲಿ ಒಂದು ಮಾತು ಹೇಳಿದ್ದರು. ಹತ್ತಾರು ಸಾವಿರ ಇಂಟರ್‌ವ್ಯೂಗಳ ಅಂಕಗಳನ್ನು ಆಮೇಲಿನ ಕೆಲಸದ ಜೊತೆ ಹೋಲಿಸಿ ನೋಡಿದರೆ, ಎರಡಕ್ಕೂ ಸಂಬಂಧವೇ ಕಾಣಲಿಲ್ಲವಂತೆ. ತಲೆ ಕೆಡಿಸುವ ಒಗಟಿನ ಪ್ರಶ್ನೆಗಳು ದಂಡ ಎಂದೂ ಅವರೇ ಹೇಳಿದರು. ಆಮೇಲೆ ಪದ್ಧತಿ ಸುಧಾರಿಸಿರಬಹುದು. ಆದರೂ ಕೆಲವು ಗಂಟೆಗಳ ಪರೀಕ್ಷೆ ಒಬ್ಬ ಮನುಷ್ಯನ ಬೆಲೆ ಕಟ್ಟುತ್ತದೆ ಎಂದು ನಾನು ಒಪ್ಪುವುದಿಲ್ಲ.

ಕೆಲಸ ಬಿಡಬೇಡಿ ಎಂದೆ. ಸಂಬಳ ನಿಂತರೆ ಪ್ರತಿ ಇಂಟರ್‌ವ್ಯೂ ಸಾವು ಬದುಕಿನ ಪ್ರಶ್ನೆ ಆಗುತ್ತದೆ. ಆ ಭಯದಲ್ಲಿ ಬಾಯಿ ಇನ್ನೂ ಕಟ್ಟುತ್ತದೆ. ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಮುಚ್ಚಲು ಹೇಳಿದೆ. ರೂಮ್‌ಮೇಟ್ ಎದುರು ಪ್ರಾಬ್ಲಂ ಬಿಡಿಸುತ್ತಾ ಮೊದಲು ಕನ್ನಡದಲ್ಲೇ ಜೋರಾಗಿ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿ ಎಂದೆ. ಒಂದೇ ಕಂಪನಿಯ ಹಿಂದೆ ಬೀಳದೆ ಬೇರೆ ಕಡೆಗೂ ಅರ್ಜಿ ಹಾಕಲು ಸೂಚಿಸಿದೆ. ಅಪ್ಪನಿಗೆ ನಡೆದದ್ದನ್ನು ಪೂರ್ತಿ ತಾವೇ ಹೇಳಬೇಕು ಎಂಬುದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಅಪ್ಪ ನನಗೆ ಫೋನ್ ಮಾಡಿದರು. “ಓದೋ ಹುಡುಗನ ಆಸೆಗೆ ತಣ್ಣೀರು ಹಾಕಿದ್ರಲ್ಲಮ್ಮ” ಎಂದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಸಾಲ ಮಾಡಿ ಓದಿಸಿದವರು ಅವರು. ಆದರೆ ನನ್ನ ಸಲಹೆ ಈಗಲೂ ಅದೇ. ಮಹೇಶ್ ಆಸೆ ಬಿಡಲಿ ಎಂದು ನಾನು ಹೇಳಿಲ್ಲ. ಆ ಕಂಪನಿ ಸಿಕ್ಕರೆ ಬದುಕು ಭದ್ರ ಎಂಬ ನಂಬಿಕೆಯನ್ನು ಮಾತ್ರ ಪ್ರಶ್ನಿಸಿದೆ. 2023ರ ಜನವರಿಯಲ್ಲಿ ಗೂಗಲ್ ಸುಮಾರು 12,000 ಜನರನ್ನು ತೆಗೆಯುವುದಾಗಿ ಹೇಳಿತು, ಮೈಕ್ರೋಸಾಫ್ಟ್ 10,000. ಅವರೆಲ್ಲ ಇದೇ ಸುತ್ತುಗಳನ್ನು ದಾಟಿ ಒಳಗೆ ಹೋದವರೇ ಅಲ್ವಾ?

ಮಹೇಶ್ ಈಗ ಬೇರೆ ಎರಡು ಕಂಪನಿಗಳಿಗೆ ಅರ್ಜಿ ಹಾಕಿದ್ದಾರೆ. ಮೊದಲಿನ ಕಂಪನಿಗೆ ಮತ್ತೆ ಹಾಕಬೇಕೋ ಬೇಡವೋ ಇನ್ನೂ ತೀರ್ಮಾನಿಸಿಲ್ಲ. ನೋಟ್‌ಬುಕ್ಕಿನ ಆ ಪುಟ ಹರಿದು ಹಾಕಿ ಎಂದು ನಾನು ಹೇಳಲಿಲ್ಲ, ಅವರೂ ಹರಿದಿಲ್ಲ.

ನಿಮ್ಮ ಮನೆಯಲ್ಲಿ ಇಂಥವರಿದ್ದರೆ, ಪ್ರತಿ ಫೋನಿನಲ್ಲೂ “ರಿಸಲ್ಟ್ ಬಂತಾ?” ಎಂದು ಕೇಳಬೇಡಿ. ಊಟ ಆಯ್ತಾ, ನಿದ್ದೆ ಬರ್ತಿದೆಯಾ ಎಂದು ಕೇಳಿ. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಬದುಕೇ ಬೇಡ ಎಂಬ ಮಾತು ಬಂದರೆ, ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.