‘ಮರಳಲಿಲ್ಲ’ ಎಂದರೆ ‘ಹೊಡೆದುರುಳಿಸಿದರು’ ಎಂದಲ್ಲ

ಓದುಗರ ಪತ್ರ: ಎರಡನೇ ಮಹಾಯುದ್ಧದಲ್ಲಿ ಕಳೆದುಹೋದ ಗಸ್ತು ವಿಮಾನಗಳ ಪಟ್ಟಿಯನ್ನು ಹೋದ ಸಂಚಿಕೆಯಲ್ಲಿ ಕೊಟ್ಟಿದ್ದೀರಿ. ಸಾಲು ಸಾಲಿಗೂ ‘ಕಾರಣ ತಿಳಿದಿಲ್ಲ’ ಎಂದೇ ಇದೆ. ಶತ್ರುವನ್ನು ಹುಡುಕಲು ಹೋದ ವಿಮಾನ ವಾಪಸು ಬರಲಿಲ್ಲ ಎಂದರೆ ಶತ್ರುವೇ ಹೊಡೆದಿರಬೇಕಲ್ಲವೇ? ಹುಡುಕುವ ಶ್ರಮ ಬೇಡವೆಂದು ಕೈತೊಳೆದುಕೊಂಡಂತೆ ಕಾಣುತ್ತದೆ. 1942ರ ಏಪ್ರಿಲ್ 9ರ ಕ್ಯಾಟಲೀನಾ (ನೀರಿನ ಮೇಲೆ ಇಳಿಯುವ ‘ಹಾರುವ ದೋಣಿ’ ಬಗೆಯ ಗಸ್ತು ವಿಮಾನ) ವಿಷಯದಲ್ಲಂತೂ ಇದು ಸ್ಪಷ್ಟವಾಗಿ ತಪ್ಪು.

ಸಂಪಾದಕರ ಉತ್ತರ:

ಏಪ್ರಿಲ್ 9ರ ಸಾಲಿನ ಬಗ್ಗೆ ನೀವು ಹೇಳಿದ್ದು ಸರಿ, ತಪ್ಪು ನಮ್ಮದು. ಕೆನಡಾ ವಾಯುಪಡೆಯ 413ನೇ ಸ್ಕ್ವಾಡ್ರನ್ (ವಿಮಾನ ತುಕಡಿ) ಹಾರಿಸುತ್ತಿದ್ದ ಆ ಕ್ಯಾಟಲೀನಾ ಜಪಾನಿನ ವಿಮಾನವಾಹಕ ಪಡೆಯನ್ನು ಕಂಡು, ಕಂಡದ್ದನ್ನು ನಿಸ್ತಂತುವಿನಲ್ಲಿ ತಿಳಿಸಿತು. ಆಮೇಲೆ ಅದನ್ನು ಬೀಳಿಸಿದ್ದು ಆ ಪಡೆಯ ಜೀರೋ ಎಂಬ ಯುದ್ಧವಿಮಾನಗಳು. ಒಳಗಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ಆ ಸಾಲನ್ನು ತಿದ್ದುತ್ತೇವೆ. ಉಳಿದ ಸಾಲುಗಳನ್ನು ಮಾತ್ರ ಹಾಗೇ ಬಿಡುತ್ತೇವೆ. ‘ಕಾರಣ ತಿಳಿದಿಲ್ಲ’ ಎಂದು ಬರೆಯುವುದಕ್ಕೂ ಶ್ರಮ ಬೇಕು. ಅದೇಕೆಂದು ವಿವರವಾಗಿ ಹೇಳುವುದು ನಮ್ಮ ಹೊಣೆ.

ಅದೇ ಸ್ಕ್ವಾಡ್ರನ್ನಿನ ಇನ್ನೊಂದು ವಿಮಾನದಿಂದ ಶುರು ಮಾಡೋಣ. 1942ರ ಏಪ್ರಿಲ್ 4ರಂದು ಲಿಯೊನಾರ್ಡ್ ಬರ್ಚಲ್ ಅವರ ಕ್ಯಾಟಲೀನಾ ಸಿಂಹಳದ (ಈಗಿನ ಶ್ರೀಲಂಕಾ) ಕೊಗ್ಗಲದಿಂದ ಬೆಳಗಾಗುವ ಮುನ್ನವೇ ಹೊರಟಿತ್ತು. ದಿನವಿಡೀ ಹಾರಿ ಇನ್ನೇನು ವಾಪಸಾಗಬೇಕು. ಆದರೆ ಚಂದ್ರ ಮೂಡಿದರೆ ತಮ್ಮ ಸ್ಥಾನವನ್ನು ಖಚಿತಪಡಿಸಿಕೊಳ್ಳಬಹುದೆಂದು ಇನ್ನೊಂದು ಸುತ್ತು ಹೋದರು. ದಿಗಂತದಲ್ಲಿ ಕಂಡ ಚುಕ್ಕೆಗಳು ಜಪಾನಿನ ಅಡ್ಮಿರಲ್ ನಗುಮೋ ಅವರ ನೌಕಾಪಡೆಯಾಗಿದ್ದವು: ಐದು ವಿಮಾನವಾಹಕಗಳು, ಜೊತೆಗೆ ಯುದ್ಧನೌಕೆಗಳು. ಸಂದೇಶವನ್ನು ಮತ್ತೆ ಮತ್ತೆ ಕಳಿಸುತ್ತಿದ್ದಾಗಲೇ ಜೀರೋಗಳು ಮೇಲೆರಗಿದವು. ಸಂದೇಶ ಅರ್ಧಕ್ಕೇ ತುಂಡಾದರೂ ಕೊಲಂಬೋಗೆ ತಲುಪಿತು, ಮರುದಿನದ ದಾಳಿಗೆ ಮುಂಚೆ ಅಲ್ಲಿ ಎಚ್ಚರಗೊಳ್ಳಲು ಸಮಯ ಸಿಕ್ಕಿತು. ಒಂಬತ್ತು ಮಂದಿಯಲ್ಲಿ ಮೂವರು ಸತ್ತರು, ಆರು ಮಂದಿ ಸೆರೆಯಾಗಿ ಜಪಾನಿಗೆ ಹೋದರು.

ಇಷ್ಟು ವಿವರ ನಮಗೆ ಸಿಕ್ಕಿದ್ದು ಹೇಗೆಂದು ಗಮನಿಸಿ: ಸಂದೇಶ ಹೊರಬಿತ್ತು, ಬದುಕಿ ಬಂದವರಿದ್ದರು, ಎದುರು ಪಕ್ಷದಲ್ಲೂ ದಾಖಲೆಯಿತ್ತು. ಈ ಮೂರರಲ್ಲಿ ಒಂದೂ ಇಲ್ಲದಿದ್ದರೆ ಸ್ಕ್ವಾಡ್ರನ್ನಿನ ಪುಸ್ತಕದಲ್ಲಿ ಉಳಿಯುವುದು ಒಂದೇ ವಾಕ್ಯ: ಗಸ್ತಿನಿಂದ ಮರಳಲಿಲ್ಲ. ಹೊರಟ ಹೊತ್ತು ಗೊತ್ತು, ಬರಬೇಕಾಗಿದ್ದ ಹೊತ್ತು ಗೊತ್ತು, ನಡುವೆ ಸಮುದ್ರ.

ಆ ಸಮುದ್ರದ ಮೇಲೆ ಶತ್ರುವಿಲ್ಲದೆಯೂ ವಿಮಾನ ಹೇಗೆ ಹೋಗುತ್ತದೆ? ಮೊದಲು ದಾರಿಯ ಲೆಕ್ಕ. ಆಗ ಉಪಗ್ರಹವಿರಲಿಲ್ಲ. ದಿಕ್ಸೂಚಿ, ವೇಗ, ಗಡಿಯಾರ, ಗಾಳಿಯ ಅಂದಾಜು, ಇವುಗಳಿಂದ ನ್ಯಾವಿಗೇಟರ್ ನಕ್ಷೆಯ ಮೇಲೆ ಗೆರೆ ಎಳೆಯುತ್ತಿದ್ದ. ಕ್ಯಾಟಲೀನಾದ ಸಾಧಾರಣ ಗಸ್ತು ವೇಗ ಗಂಟೆಗೆ 110 ನಾಟಿಕಲ್ ಮೈಲಿಯ ಆಸುಪಾಸು. ಅಂಥ ವಿಮಾನಕ್ಕೆ ಲೆಕ್ಕಕ್ಕೆ ಬಾರದ 10 ನಾಟ್ (ಗಂಟೆಗೆ 10 ನಾಟಿಕಲ್ ಮೈಲಿ) ಅಡ್ಡಗಾಳಿ ತಗುಲಿದರೆ ದಾರಿ ಸುಮಾರು 5 ಡಿಗ್ರಿ ಓರೆಯಾಗುತ್ತದೆ. ನ್ಯಾವಿಗೇಟರುಗಳ ಬಾಯಿಲೆಕ್ಕವೊಂದಿದೆ: 60 ಮೈಲಿ ಹೋದರೆ ಒಂದು ಡಿಗ್ರಿ ತಪ್ಪಿಗೆ ಒಂದು ಮೈಲಿ ಪಕ್ಕಕ್ಕೆ. ಹಾಗಾದರೆ 600 ಮೈಲಿಯ ಕೊನೆಗೆ 5 ಡಿಗ್ರಿಗೆ 50 ಮೈಲಿ. ಗುರಿ ದೊಡ್ಡ ಭೂಭಾಗವಾಗಿದ್ದರೆ ಕರಾವಳಿ ಎಲ್ಲಾದರೂ ಕಂಡೀತು. ಮಾಲ್ಡೀವ್ಸಿನ ಅಡ್ಡು ಹವಳದ್ವೀಪದಂಥ ನೆಲವಾದರೆ, ನೀರಿನಿಂದ ಕೆಲವೇ ಅಡಿ ಎದ್ದಿರುವ ಆ ತೆಂಗಿನ ಸಾಲು 50 ಮೈಲಿ ಆಚೆಗೆ ಕಾಣುವುದೇ ಇಲ್ಲ.

ಗಾಳಿಯನ್ನು ಅಳೆಯುವ ಉಪಾಯಗಳಿದ್ದವು. ಹಗಲು ಅಲೆಗಳ ನೊರೆಯನ್ನು ಡ್ರಿಫ್ಟ್ ಮಾಪಕದಲ್ಲಿ (ವಿಮಾನ ಪಕ್ಕಕ್ಕೆ ಸರಿಯುವುದನ್ನು ಅಳೆಯುವ ಸಾಧನ) ನೋಡುವುದು. ರಾತ್ರಿ ಉರಿಯುವ ತೇಲುದೀಪವನ್ನು ನೀರಿಗೆ ಹಾಕಿ, ಅದು ಬಾಲದ ನೇರಕ್ಕಿಂತ ಎಷ್ಟು ಪಕ್ಕಕ್ಕೆ ಸರಿಯಿತೆಂದು ನೋಡುವುದು. ಮೋಡದೊಳಗೆ ಹೊಕ್ಕರೆ ಎರಡೂ ಇಲ್ಲ, ನಕ್ಷತ್ರವೂ ಇಲ್ಲ. ಹತ್ತಿಪ್ಪತ್ತು ಗಂಟೆಗಳ ಗಸ್ತಿನಲ್ಲಿ ಎರಡು ಗಂಟೆ ಮೋಡ ಮುಸುಕಿದರೂ ಸಾಕು.

ಇಂಧನಕ್ಕೂ ಇದೇ ಗಾಳಿ ಕತ್ತರಿ ಹಾಕುತ್ತದೆ. 400 ನಾಟಿಕಲ್ ಮೈಲಿ ದೂರದಿಂದ ನಿಶ್ಚಲ ಗಾಳಿಯಲ್ಲಿ ಮರಳಲು 3 ಗಂಟೆ 40 ನಿಮಿಷ ಸಾಕು. ಎದುರಿನಿಂದ 30 ನಾಟ್ ಬೀಸಿದರೆ ನೆಲದ ವೇಗ 80ಕ್ಕೆ ಇಳಿದು ಪೂರಾ 5 ಗಂಟೆ ಬೇಕು. ಹೋಗುವಾಗ ಹಿಂದಿನಿಂದ ತಳ್ಳಿದ ಗಾಳಿಯೇ ಇದಾದ್ದರಿಂದ, ಅಂದುಕೊಂಡದ್ದಕ್ಕಿಂತ ದೂರ ಹೋಗಿರುವುದೂ ಅದರಿಂದಲೇ. ಅದರ ಮೇಲೆ ದ್ವೀಪ ಕಾಣದೆ ಚೌಕಾಕಾರದಲ್ಲಿ ಹುಡುಕಾಡಿದರೆ ಟ್ಯಾಂಕಿನ ತಳ ಬರುತ್ತದೆ. ಆಗ ಇಳಿಯಬೇಕಾದದ್ದು ತೆರೆದ ಕಡಲಿನ ಉಬ್ಬರದ ಮೇಲೆ, ಅದೂ ಕತ್ತಲಲ್ಲಿ. ನೀರಿನ ಮೇಲೆ ಇಳಿಯುವ ವಿಮಾನವೆಂದರೆ ಯಾವ ನೀರಿನ ಮೇಲಾದರೂ ಇಳಿದೀತು ಎಂದುಕೊಳ್ಳಬೇಡಿ. ಒಡಲಿನ ತಗಡು ದೊಡ್ಡ ಅಲೆಯ ಏಟಿಗೆ ಬಿರಿಯುತ್ತದೆ.

ನಮ್ಮ ಓದುಗರು ಹೆಚ್ಚಾಗಿ ಮರೆಯುವುದು ಆಲ್ಟಿಮೀಟರನ್ನು. ಅದು ಎತ್ತರವನ್ನು ನೇರವಾಗಿ ಅಳೆಯುವುದಿಲ್ಲ. ಗಾಳಿಯ ಒತ್ತಡವನ್ನು ಅಳೆದು ಎತ್ತರವೆಂದು ತೋರಿಸುತ್ತದೆ. ಸಮುದ್ರಮಟ್ಟದ ಹತ್ತಿರ ಒತ್ತಡದಲ್ಲಿ ಒಂದು ಮಿಲಿಬಾರ್ ವ್ಯತ್ಯಾಸವೆಂದರೆ ಸುಮಾರು 27 ಅಡಿ. ಹೊರಟಲ್ಲಿಂದ ಕಡಿಮೆ ಒತ್ತಡದ ಪ್ರದೇಶಕ್ಕೆ ಹೋದಾಗ ಒತ್ತಡ 10 ಮಿಲಿಬಾರ್ ಇಳಿದಿದ್ದರೆ, ಮುಳ್ಳು 500 ಅಡಿ ಎಂದು ತೋರಿಸುವಾಗ ವಿಮಾನ ನಿಜಕ್ಕೂ 230 ಅಡಿಯಲ್ಲಿರುತ್ತದೆ. ಮುಳ್ಳು 200 ತೋರಿಸಿದರೆ? ಅಷ್ಟರೊಳಗೆ ನೀರಿಗೆ ಬಡಿದಾಗಿದೆ. ಕಡಿಮೆ ಒತ್ತಡ ಇರುವಲ್ಲೇ ಮಳೆ, ತಗ್ಗು ಮೋಡ, ಕತ್ತಲು; ಮೋಡದ ಕೆಳಗೆ ಹೋಗಿ ನೋಡಬೇಕಾದ್ದು ಗಸ್ತಿನವರ ಕೆಲಸ. ಈ ರೀತಿ ಹೋದ ವಿಮಾನ ಸಂದೇಶ ಕಳಿಸುವುದಿಲ್ಲ, ಏಕೆಂದರೆ ಬಡಿಯುವವರೆಗೂ ಒಳಗಿದ್ದವರಿಗೆ ಏನೂ ತಪ್ಪಾಗಿರುವುದಿಲ್ಲ.

ಎಂಜಿನ್ನಿನ ವಿಷಯ ಚಿಕ್ಕದಾಗಿ: ತೇವಾಂಶವಿರುವ ಗಾಳಿಯಲ್ಲಿ ಹೊರಗಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಇದ್ದರೂ ಗಾಳಿಗೆ ಇಂಧನ ಬೆರೆಸುವ ಕಾರ್ಬ್ಯುರೇಟರಿನ ಕಿರಿದಾದ ಕೊರಳಲ್ಲಿ ಮಂಜುಗಡ್ಡೆ ಕಟ್ಟಬಹುದು, ಏಕೆಂದರೆ ಇಂಧನ ಆವಿಯಾಗುವಾಗ ಅಲ್ಲಿನ ಶಾಖವನ್ನು ಹೀರುತ್ತದೆ. ಪೂರ್ತಿ ಇಂಧನ ತುಂಬಿ ಆಗಷ್ಟೇ ಮೇಲೆದ್ದ ಎರಡೆಂಜಿನ್ ವಿಮಾನಕ್ಕೆ ಒಂದು ಎಂಜಿನ್ ಕೈಕೊಟ್ಟರೆ, ಡೆಪ್ತ್ ಚಾರ್ಜುಗಳನ್ನೂ (ನೀರೊಳಗೆ ಸಿಡಿಯುವ ಬಾಂಬುಗಳು) ಇಂಧನವನ್ನೂ ಬೇಗ ಹೊರಚೆಲ್ಲದೆ ಎತ್ತರ ಉಳಿಸಿಕೊಳ್ಳುವುದು ಕಷ್ಟ. ಲಂಗರು ಹಾಕಿ ನಿಂತಲ್ಲೇ ಹೋದವೂ ಇವೆ; 1944ರ ಚಂಡಮಾರುತ ಹಿಂದೂ ಮಹಾಸಾಗರದ ಡಿಯಾಗೋ ಗಾರ್ಸಿಯಾ ದ್ವೀಪದಲ್ಲಿ ಒಂದು ಕ್ಯಾಟಲೀನಾವನ್ನು ದಡಕ್ಕೆ ಎತ್ತಿ ಎಸೆಯಿತು.

ಇನ್ನು ಶತ್ರುವಿನ ಪಾಲು. ಅದು ದೊಡ್ಡದೇ, ನಿಮ್ಮ ಅನುಮಾನ ಬುಡವಿಲ್ಲದ್ದಲ್ಲ. ಜಲಾಂತರ್ಗಾಮಿಯ ಮೇಲೆ ದಾಳಿ ಮಾಡಲು 50 ಅಡಿಗೆ ಇಳಿಯಬೇಕಿತ್ತು. 250 ಪೌಂಡಿನ ಡೆಪ್ತ್ ಚಾರ್ಜು ನೀರೊಳಗೆ 25 ಅಡಿಗೆ ಸಿಡಿಯುವಂತೆ ಹೊಂದಿಸಿರುತ್ತಿದ್ದರು. ಮೇಲ್ಮೈಯಲ್ಲಿರುವ ಅಥವಾ ಆಗಷ್ಟೇ ಮುಳುಗುತ್ತಿರುವ ಜಲಾಂತರ್ಗಾಮಿಗೆ ಅದು ಸರಿಯಾದ ಆಳ. ಡೆಪ್ತ್ ಚಾರ್ಜುಗಳು ಗುರಿಯ ಅಡ್ಡಕ್ಕೆ ಸಾಲಾಗಿ ಬೀಳಬೇಕಾದರೆ ಕೊನೆಯ ಒಂದು ನಾಟಿಕಲ್ ಮೈಲಿ ನೇರವಾಗಿ, ಅಲುಗದೆ ಹಾರಬೇಕು. 150 ನಾಟ್ ವೇಗದಲ್ಲಿ ಅದು 24 ಸೆಕೆಂಡು. 1943ರ ಬೇಸಿಗೆಯಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಮುಳುಗುವ ಬದಲು ಮೇಲೆಯೇ ನಿಂತು 20 ಮಿಲಿಮೀಟರ್ ತೋಪುಗಳಿಂದ ಎದುರಿಸತೊಡಗಿದಾಗ, ಆ 24 ಸೆಕೆಂಡು ಎಷ್ಟು ಉದ್ದವೆಂದು ಊಹಿಸಬಹುದು.

ಆ ವರ್ಷದ ಆಗಸ್ಟ್ 11ರಂದು ಪೈಲಟ್ ಲಾಯ್ಡ್ ಟ್ರಿಗ್ ಅವರ ಲಿಬರೇಟರ್ ಬಾಂಬರ್ ಪಶ್ಚಿಮ ಆಫ್ರಿಕಾದ ಕರಾವಳಿಯಾಚೆ ಜರ್ಮನ್ ಜಲಾಂತರ್ಗಾಮಿ ಯು-468ರ ಮೇಲೆ ಎರಗಿತು. ಬರುವಾಗಲೇ ಉರಿ ಹತ್ತಿತ್ತು. ಆದರೂ ತಿರುಗದೆ ಡೆಪ್ತ್ ಚಾರ್ಜು ಹಾಕಿ, ಸ್ವಲ್ಪ ಮುಂದೆ ಸಮುದ್ರಕ್ಕೆ ಬಿತ್ತು. ವಿಮಾನದಲ್ಲಿದ್ದವರೆಲ್ಲರೂ ಸತ್ತರು. ಜಲಾಂತರ್ಗಾಮಿಯೂ ಮುಳುಗಿತು. ಅದರ ಏಳು ಮಂದಿ ನಾವಿಕರು ಆ ಲಿಬರೇಟರಿನದ್ದೇ ರಬ್ಬರ್ ದೋಣಿಯಲ್ಲಿ ಜೀವ ಉಳಿಸಿಕೊಂಡರು. ಅವರು ಹೇಳಿದ ಮಾತಿನ ಆಧಾರದ ಮೇಲೆಯೇ ಟ್ರಿಗ್ ಅವರಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಆ ಏಳು ಜನ ಸಿಗದಿದ್ದರೆ ಟ್ರಿಗ್ ಅವರ ವಿಮಾನವೂ ಬರಿಯ ‘ಮರಳಲಿಲ್ಲ’ ಆಗಿರುತ್ತಿತ್ತು. ಹಾಗೆಯೇ ಉಳಿದ ಬೇರೆ ಸಾಲುಗಳಲ್ಲಿ ಇಂಥದ್ದೇ ಘಟನೆಗಳು ಅಡಗಿರಬಹುದು. ಯಾವುದರಲ್ಲಿ ಎಂದು ಬೆರಳಿಟ್ಟು ಹೇಳಲು ಆಗದು, ಅಷ್ಟೇ.

ಮೌನವನ್ನೇ ಸಾಕ್ಷಿಯೆಂದು ಓದಲು ಸಾಧ್ಯವೇ? ಬಹಳ ಎಚ್ಚರದಿಂದ. ಹಗಲಿನ ವಾಯುಕಾಳಗದಲ್ಲಿ ಸಂದೇಶ ಕಳಿಸಲು ಒಂದೆರಡು ನಿಮಿಷವಾದರೂ ಸಿಗುವುದುಂಟು. 1943ರ ಜೂನ್ 2ರಂದು ಬಿಸ್ಕೇ ಕೊಲ್ಲಿಯಲ್ಲಿ ಆಸ್ಟ್ರೇಲಿಯಾದ 461ನೇ ಸ್ಕ್ವಾಡ್ರನ್ನಿನ ಸಂಡರ್ಲೆಂಡ್ ಹಾರುವ ದೋಣಿ ಜರ್ಮನಿಯ ಎಂಟು ಜಂಕರ್ಸ್-88 ವಿಮಾನಗಳ ಜೊತೆ ಮುಕ್ಕಾಲು ಗಂಟೆಯ ತನಕ ಕಾದಾಡಿ, ಕೊನೆಗೆ ಇಂಗ್ಲೆಂಡಿನ ಕಡಲತೀರ ಮುಟ್ಟಿತು. ಆದರೆ ಮೊದಲ ಏಟಿಗೇ ನಿಸ್ತಂತು ಕೆಟ್ಟರೆ ಅಲ್ಲೂ ಮೌನವೇ. ಮೇಲಾಗಿ ಗಸ್ತಿನವರು ನಿಸ್ತಂತುವನ್ನು ಬೇಕೆಂದೇ ಮುಚ್ಚಿಡುತ್ತಿದ್ದರು. ಮೂರು ಗಂಟೆ ಮೌನವೆಂದರೆ 110 ನಾಟ್ ವೇಗದ ವಿಮಾನ ಕೊನೆಯ ಖಚಿತ ಸ್ಥಾನದಿಂದ 330 ನಾಟಿಕಲ್ ಮೈಲಿಯೊಳಗೆ ಎಲ್ಲಾದರೂ ಇರಬಹುದು. ಆ ವೃತ್ತದ ವಿಸ್ತಾರ ಹನ್ನೊಂದು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು. ಗಸ್ತಿನ ದಾರಿ ಗೊತ್ತಿದ್ದರೆ ಹುಡುಕುವ ಜಾಗ ಕಿರಿದಾಗುತ್ತದೆ, ದಾರಿ ತಪ್ಪಿದ್ದರೆ ಹುಡುಕಾಟವೇ ಬೇರೆಡೆ ನಡೆದಿರುತ್ತದೆ.

ಚಿತ್ರ ತೆಗೆಯಲು ಒಂಟಿಯಾಗಿ, ತೋಪಿಲ್ಲದೆ 30,000 ಅಡಿಯಲ್ಲಿ ಹೋಗುತ್ತಿದ್ದ ಸ್ಪಿಟ್‌ಫೈರ್‌ಗಳ ಕಥೆ ಇನ್ನೂ ಕಠಿಣ. ಆಮ್ಲಜನಕದ ಕೊಳವೆ ಜಾರಿದರೆ ಅಲ್ಲಿ ಪ್ರಜ್ಞೆ ಸರಿಯಾಗಿರುವುದು ಒಂದೆರಡು ನಿಮಿಷ. ನೋಡಲು ಜೊತೆಯಲ್ಲಿ ಇನ್ನೊಬ್ಬರಿಲ್ಲ.

ನೀವು ಪಟ್ಟಿಯನ್ನು ಮುಂದುವರಿಸುವುದಾದರೆ, ಹೀಗೆ ಮಾಡಿ. ಮೊದಲು ವಿಮಾನದ ಕ್ರಮಸಂಖ್ಯೆ ಹಿಡಿಯಿರಿ. ಸ್ಕ್ವಾಡ್ರನ್ ತನ್ನ ವಿಮಾನಕ್ಕೆ ಗುರುತಾಗಿ ಬರೆಯುತ್ತಿದ್ದ ಅಕ್ಷರವನ್ನಲ್ಲ, ಏಕೆಂದರೆ ಒಂದು ವಿಮಾನ ಹೋದ ಮೇಲೆ ಅದೇ ಅಕ್ಷರವನ್ನು ಇನ್ನೊಂದಕ್ಕೆ ಕೊಡುತ್ತಿದ್ದರು. ಬ್ರಿಟಿಷ್ ಸ್ಕ್ವಾಡ್ರನ್ನುಗಳ ಕಾರ್ಯಾಚರಣೆ ಪುಸ್ತಕಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಏರ್-27 ಸರಣಿಯಲ್ಲಿವೆ. ಅವುಗಳಲ್ಲಿ ಫಾರ್ಮ್ 540 ದಿನದ ಸಾರಾಂಶ, 541 ಒಂದೊಂದು ಹಾರಾಟದ ವಿವರ, ಎರಡನ್ನೂ ಓದಿ. ಫಾರ್ಮ್ 1180 ಅಪಘಾತದ ಕಾರ್ಡು. ಅಮೆರಿಕನ್ ಸೇನಾ ವಿಮಾನವಾದರೆ 1943ರ ನಂತರದ್ದಕ್ಕೆ ಕಾಣೆಯಾದ ಸಿಬ್ಬಂದಿಯ ವರದಿಗಳಿವೆ. ಸ್ಮಾರಕಗಳಲ್ಲಿ ಕೊಟ್ಟಿರುವ ಮರಣದ ದಿನ ಹೆಚ್ಚಾಗಿ ಕೊನೆಗೆ ಕಂಡ ದಿನವೇ ಹೊರತು ಸತ್ತದ್ದನ್ನು ಯಾರೋ ನೋಡಿದ ದಿನವಲ್ಲ. ಇಂಗ್ಲೆಂಡಿನ ರನ್ನಿಮೀಡ್ ಸ್ಮಾರಕವೊಂದರಲ್ಲೇ ಸಮಾಧಿ ತಿಳಿಯದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ.

ಆಮೇಲೆ ಎದುರು ಪಕ್ಷದ ದಾಖಲೆ. ‘ಒಂದು ಹಾರುವ ದೋಣಿಯನ್ನು ಬೀಳಿಸಿದೆವು’ ಎಂಬ ಸಾಲು ಸಿಕ್ಕ ಕೂಡಲೇ ಅದೇ ವಾರದ ಕಾಣೆಯಾದ ವಿಮಾನಕ್ಕೆ ಅಂಟಿಸಬೇಡಿ. ದಿನ, ಹೊತ್ತು, ಸ್ಥಾನ, ವಿಮಾನದ ಬಗೆ ನಾಲ್ಕೂ ಕೂಡಬೇಕು. ಗಡಿಯಾರದಲ್ಲೇ ಹೆಚ್ಚು ತಪ್ಪಾಗುತ್ತದೆ: ಜಪಾನಿನ ನೌಕಾಪಡೆ ಎಲ್ಲೇ ಇದ್ದರೂ ಟೋಕಿಯೋ ಸಮಯವನ್ನೇ ಬರೆಯುತ್ತಿತ್ತು, ಅದು ಗ್ರೀನ್‌ವಿಚ್‌ಗಿಂತ 9 ಗಂಟೆ ಮುಂದೆ. ಅವರ ಪುಸ್ತಕದಲ್ಲಿ 5ನೇ ತಾರೀಕು ಬೆಳಗಿನ ಜಾವ 1 ಗಂಟೆ ಎಂದಿದ್ದರೆ ಗ್ರೀನ್‌ವಿಚ್ ಸಮಯದಲ್ಲಿ ಬರೆದ ಬ್ರಿಟಿಷ್ ಪುಸ್ತಕದಲ್ಲಿ ಅದು 4ನೇ ತಾರೀಕು ಸಂಜೆ 4 ಗಂಟೆ.

ಹೀಗೆ ಹೊಂದಿಸಿದ ಮೇಲೆ ನಿಮಗೆ ಕೂಡಿಬಂದ ಸಾಲುಗಳನ್ನು ನಮಗೆ ಕಳಿಸಿ. ಪ್ರತಿ ಸಾಲಿನ ಪಕ್ಕ ಯಾವ ದಾಖಲೆ, ಯಾವ ಗಡಿಯಾರದ ಸಮಯ ಎಂದು ಬರೆದಿರಲಿ. ಕೂಡಿದವನ್ನು ಏಪ್ರಿಲ್ 9ರ ಸಾಲಿನ ಜೊತೆಯಲ್ಲೇ ತಿದ್ದಿ ಪ್ರಕಟಿಸುತ್ತೇವೆ.

— ಸಂಪಾದಕ