ಎಚ್‌ಐವಿ ಇರೋರನ್ನ ನೋಡ್ಕೊಳ್ಳೋ ಮನೆಯವರಿಗೂ ಡಿಪ್ರೆಶನ್ ಬರುತ್ತಾ?

ಬರುತ್ತೆ, ಆದ್ರೆ ಯಾರ ಕಣ್ಣಿಗೂ ಬೀಳಲ್ಲ ಅಷ್ಟೇ. ಕಾಯಿಲೆ ಇರೋರಿಗೆ ಡಾಕ್ಟರ್, ಕೌನ್ಸೆಲರ್ ಅಂತ ಯಾರಾದ್ರೂ ಇರ್ತಾರೆ, ನೋಡ್ಕೊಳ್ಳೋ ಹೆಂಡ್ತಿನೋ ಅಮ್ಮನೋ ಗುಟ್ಟು ಬೇರೆ ಕಾಯ್ಬೇಕು, ಡಬ್ಬಿ ಮೇಲಿನ ಲೇಬಲ್ ಕಿತ್ತು ಬೀರು ಒಳಗೆ ಇಡೋದು, ನೆಂಟರು ಕೇಳಿದ್ರೆ "ಶುಗರ್ ಮಾತ್ರೆ" ಅನ್ನೋದು, ಹೀಗೇ ವರ್ಷಗಟ್ಟಲೆ ನಡೆದ್ರೆ ನಿದ್ದೆ ಕೆಡುತ್ತೆ, ಮಾತುಮಾತಿಗೂ ಸಿಡುಕು.

ಎಚ್‌ಐವಿ ಇರೋರಿಗೆ ಡಿಪ್ರೆಶನ್ ಬಂದ್ರೆ ಮೊದಲು ತಪ್ಪೋದೇ ಮಾತ್ರೆ, ಅದು ತಪ್ಪಿದ್ರೆ ವೈರಸ್ ಮತ್ತೆ ಏರುತ್ತೆ. ಕೆಲವು ಸಲ ಎಚ್‌ಐವಿ ಮಾತ್ರೆದೇ ಕಿತಾಪತಿ ಇರುತ್ತೆ, ಎಫಾವಿರೆಂಜ್‌ನಿಂದ ವಿಚಿತ್ರ ಕನಸು, ಮಂಕು ಬರಬಹುದು, ಡೊಲುಟೆಗ್ರಾವಿರ್‌ನಿಂದ ಕೆಲವರಿಗೆ ನಿದ್ದೆ ಹತ್ತಲ್ಲ, ಹಾಗಂತ ನೀವೇ ನಿಲ್ಲಿಸ್ಬೇಡಿ, ಡಾಕ್ಟರಿಗೆ ಹೇಳಿ.

ನನ್ನ ಕೇಳಿದ್ರೆ ಮನೇಲಿ ಅರ್ಧ ಭಯ ಇಳಿಸೋ ವಿಷ್ಯ ಇದು: ಸರಿಯಾಗಿ ಮಾತ್ರೆ ತಗೊಂಡು ವೈರಲ್ ಲೋಡ್, ಅಂದ್ರೆ ರಕ್ತದಲ್ಲಿರೋ ವೈರಸ್ ಪ್ರಮಾಣ, ಟೆಸ್ಟಲ್ಲಿ ಕಾಣದಷ್ಟು ಕಮ್ಮಿ ಆಗಿ ಹಾಗೇ ಉಳಿದ್ರೆ ಸೆಕ್ಸಿಂದ ಹರಡಲ್ಲ, ಇನ್ನು ಒಂದೇ ತಟ್ಟೇಲಿ ತಿನ್ನೋದು ತಬ್ಕೊಳ್ಳೋದ್ರಿಂದ ಯಾವತ್ತೂ ಹರಡಲ್ಲ.

2 ವಾರ ಆದ್ರೂ ಮನಸ್ಸು ಕುಗ್ಗೇ ಇದ್ರೆ ಇಬ್ಬರಲ್ಲಿ ಯಾರೇ ಆಗ್ಲಿ ಡಾಕ್ಟರ್ ಹತ್ರ ಹೋಗಿ, ಎಚ್‌ಐವಿ ಮಾತ್ರೆ ತಗೋತಿದ್ರೆ ಅದನ್ನೂ ಮುಚ್ಚಿಡದೆ ಹೇಳಿ, ಅದಕ್ಕೆ ಹೊಂದೋ ಔಷಧಿ ನೋಡಿ ಕೊಡ್ತಾರೆ.