ಫೋಟೊ ಬೇಕಾದಷ್ಟಿದೆ, ಲೆಕ್ಕ ಎಲ್ಲಿ?

ತುಮಕೂರು ಜಿಲ್ಲೆಯ ಓದುಗರೊಬ್ಬರು ಬರೆದ ಪತ್ರದ ಸಾರ ಇದು: "ಊರಿನ ಹನ್ನೆರಡು ಜನ ಸೇರಿ ಎರಡು ವರ್ಷದ ಹಿಂದೆ ಪಕ್ಷಿವೀಕ್ಷಕರ ಬಳಗ ಕಟ್ಟಿಕೊಂಡೆವು. ಭಾನುವಾರ ಕೆರೆಗೆ ಹೋಗಿ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುತ್ತೇವೆ. ಗುಬ್ಬಚ್ಚಿ ದಿನಾಚರಣೆಗೆಂದು ಅರವತ್ತು ಗೂಡುಪೆಟ್ಟಿಗೆ ಹಂಚಿದೆವು, ಒಂದಕ್ಕೂ ಗುಬ್ಬಿ ಬರಲಿಲ್ಲ. ಈಗ ಕೆರೆ ಅಭಿವೃದ್ಧಿ ಅಂತ ಸುತ್ತ ಕಲ್ಲು ಕಟ್ಟಿ, ನಡಿಗೆ ಹಾದಿ ಮಾಡಿ, ದೀಪ ಹಾಕುತ್ತಾರಂತೆ. ಮನವಿ ಕೊಡಲು ಹೋದರೆ 'ಅಲ್ಲಿ ಅಂಥದ್ದೇನಿದೆ ಹೇಳಿ' ಅಂದರು. ನಮ್ಮ ಹತ್ತಿರ ಫೋಟೊ ಬಿಟ್ಟು ಏನೂ ಇರಲಿಲ್ಲ. ಮುಂದೇನು ಮಾಡಬೇಕು?"

ಆತ್ಮೀಯರೇ,

ನಿಮ್ಮನ್ನು ಕೇಳಿದವರ ದನಿ ಹೇಗೇ ಇದ್ದಿರಲಿ, ಪ್ರಶ್ನೆ ಸರಿಯಾದದ್ದೇ. ಫೋಟೊ ನೋಡಿದರೆ ಒಂದು ಹಕ್ಕಿ ಒಂದು ದಿನ ಅಲ್ಲಿತ್ತು ಅಂತ ಮಾತ್ರ ಗೊತ್ತಾಗುತ್ತದೆ. ಎಷ್ಟಿದ್ದವು, ಯಾವ ತಿಂಗಳು ಬಂದವು, ಕೆರೆಯ ಯಾವ ಮಗ್ಗುಲಲ್ಲಿ ಮೇಯುತ್ತಿದ್ದವು ಎಂಬುದು ನಕ್ಷೆ ಹಾಕುವ ಎಂಜಿನಿಯರಿಗೆ ಬೇಕಾದ ಮಾಹಿತಿ. ಮಿಂಚುಳ್ಳಿಯ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಅದನ್ನು ನೋಡಿ ಯಾರೂ ನಕ್ಷೆ ತಿದ್ದುವುದಿಲ್ಲ. ಬಾಕಿ ಕಾರ್ಯಕ್ರಮಗಳನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ಅದೇ ಕೆರೆಯನ್ನು ಅದೇ ಕ್ರಮದಲ್ಲಿ ತಿಂಗಳಿಗೊಮ್ಮೆ ಎಣಿಸಿ. ನಮ್ಮ ಸಲಹೆ ಮುಖ್ಯವಾಗಿ ಇಷ್ಟೇ.

ಮೊದಲು ಕೆರೆಯನ್ನು ಊರವರು ಕರೆಯುವ ಹೆಸರಿನಲ್ಲೇ ನಾಲ್ಕು ಭಾಗ ಮಾಡಿಕೊಳ್ಳಿ: ಏರಿ ಕಡೆ, ತೂಬಿನ ಮೂಲೆ, ಕೋಡಿ, ಹಿನ್ನೀರು. ಉಪಗ್ರಹ ಚಿತ್ರದ ಪ್ರಿಂಟ್ ತೆಗೆದು ಗೆರೆ ಎಳೆದು, ಪ್ರತಿ ಭಾಗಕ್ಕೂ ನಿಂತು ನೋಡುವ ಜಾಗ ಗೊತ್ತು ಮಾಡಿ. ಬೆಳಗಿನ ಬಿಸಿಲು ಆದಷ್ಟು ಬೆನ್ನಿಗೆ ಬೀಳಬೇಕು. ಎದುರು ಬಿಸಿಲಿನಲ್ಲಿ ಯಾವ ಬಾತಾದರೂ ಕಪ್ಪಗೇ ಕಾಣುತ್ತದೆ. ಒಮ್ಮೆ ಗೊತ್ತು ಮಾಡಿದ ಜಾಗವನ್ನು ಮತ್ತೆ ಬದಲಿಸಬೇಡಿ. ನೀವು ಹನ್ನೆರಡು ಜನ, ಮೂವರಂತೆ ನಾಲ್ಕು ತಂಡ. ಒಬ್ಬರು ದುರ್ಬೀನಿನಿಂದ ಕಣ್ಣು ತೆಗೆಯದೆ ಬಾಯಲ್ಲಿ ಲೆಕ್ಕ ಹೇಳುವುದು, ಇನ್ನೊಬ್ಬರು ಬರೆಯುವುದು, ಮೂರನೆಯವರು ಯಾವ ಹಿಂಡು ಎಲ್ಲಿಂದೆದ್ದು ಎಲ್ಲಿಗೆ ಹೋಯಿತೆಂದು ನೋಡುತ್ತಿರುವುದು. ಈ ಮೂರನೆಯವರಿಲ್ಲದಿದ್ದರೆ ಕೋಡಿಯಲ್ಲಿ ಎಣಿಸಿದ ಹಕ್ಕಿಗಳೇ ಹಿನ್ನೀರಿನ ಲೆಕ್ಕದಲ್ಲೂ ಸೇರಿಕೊಳ್ಳುತ್ತವೆ. ನಾಲ್ಕೂ ತಂಡ ಒಂದೇ ಹೊತ್ತಿಗೆ ಶುರು ಮಾಡಿ ಬೆಳಗ್ಗೆ ಒಂಬತ್ತರೊಳಗೆ ಮುಗಿಸಲಿ. ಆಮೇಲೆ ನೀರಿನ ಮೇಲೆ ಝಳ ಎದ್ದು ದೂರದ ಹಕ್ಕಿ ಅಲುಗಾಡಿದಂತೆ ಕಾಣುತ್ತದೆ.

ದುರ್ಬೀನು 8x42, ಅಂದರೆ ಎಂಟು ಪಟ್ಟು ದೊಡ್ಡದು ಮಾಡುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲದ್ದು ಸಾಕು. ಅಂಗಡಿಯವರು 10x50 ತೋರಿಸಿ ಇದೇ ದೊಡ್ಡದು ಅನ್ನುತ್ತಾರೆ. ಅದರಲ್ಲಿ ಹಕ್ಕಿ ಎಷ್ಟು ದೊಡ್ಡದಾಗಿ ಕಾಣುತ್ತದೋ ಕೈನಡುಕವೂ ಅಷ್ಟೇ ದೊಡ್ಡದಾಗುತ್ತದೆ, ಭಾರವೂ ಹೆಚ್ಚು. ಬಳಗಕ್ಕೆ ಹಣ ಕೂಡಿದಾಗ ಸ್ಟ್ಯಾಂಡಿನ ಮೇಲೆ ನಿಲ್ಲಿಸುವ ಒಂದು ಟೆಲಿಸ್ಕೋಪು ಕೊಳ್ಳಿ.

ಎಣಿಸುವುದು ಹೇಗೆ? ನೂರರವರೆಗೆ ಒಂದೊಂದೇ. ಅದಕ್ಕಿಂತ ದೊಡ್ಡ ಹಿಂಡಾದರೆ ಹತ್ತು ಹಕ್ಕಿ ಎಣಿಸಿ, ಆ ಹತ್ತು ದುರ್ಬೀನಿನ ವೃತ್ತದಲ್ಲಿ ಎಷ್ಟು ಜಾಗ ಹಿಡಿಯಿತೆಂದು ಕಣ್ಣಿಗೆ ಕೂರಿಸಿಕೊಂಡು, ಅದೇ ಅಳತೆಯಲ್ಲಿ ಹಿಂಡಿನ ಈ ತುದಿಯಿಂದ ಆ ತುದಿಗೆ ಸಾಗಿ. ಹೊಸಬರು ಎಡವುವುದು ಇಲ್ಲೇ. ಹಿಂಡಿನ ಅಂಚಿನಲ್ಲಿ ಹಕ್ಕಿಗಳು ಬಿಡಿಬಿಡಿಯಾಗಿರುತ್ತವೆ, ನಡುವೆ ಒತ್ತೊತ್ತಾಗಿರುತ್ತವೆ. ಅಂಚಿನ ಹತ್ತನ್ನೇ ಅಳತೆಯಾಗಿ ಹಿಡಿದರೆ ಒಟ್ಟು ಲೆಕ್ಕ ಕಡಿಮೆಯೇ ಬರುತ್ತದೆ. ನಡುವಿಗೆ ಬಂದಾಗ ಅಲ್ಲಿನ ಹತ್ತನ್ನು ಹೊಸದಾಗಿ ಅಳೆದುಕೊಳ್ಳಿ. ಬೆರಕೆ ಹಿಂಡಾದರೆ ಒಂದು ಸಲಕ್ಕೆ ಒಂದೇ ಜಾತಿ: ಮೊದಲು ನಾಮದ ಕೋಳಿ, ಆಮೇಲೆ ಸೂಜಿಬಾಲದ ಬಾತು, ಹೀಗೆ. ಗುಳುಮುಳುಕ ಮುಳುಗಿಬಿಡುತ್ತದೆ, ಹಾಗಾಗಿ ಒಂದು ಜಾಗಕ್ಕೆ ದುರ್ಬೀನು ನೆಟ್ಟು ಅರ್ಧ ನಿಮಿಷವಾದರೂ ಕಾಯದೆ ಮುಂದೆ ಹೋಗಬೇಡಿ. ಸೆಳೆವ ಎಂಬ ಬೇಟೆಹಕ್ಕಿಯೊಂದು ಮೇಲೆ ಸುಳಿದರೆ ಇಡೀ ಹಿಂಡು ಎದ್ದುಬಿಡುತ್ತದೆ. ಕೂರುವವರೆಗೆ ತಾಳಿ, ಮತ್ತೆ ಮೊದಲಿನಿಂದ ಎಣಿಸಿ. ದೊಡ್ಡ ಹಿಂಡನ್ನು ಇಬ್ಬರು ಬೇರೆಬೇರೆಯಾಗಿ ಎಣಿಸುವುದು ಒಳ್ಳೆಯದು. ಎರಡು ಲೆಕ್ಕ ತೀರಾ ದೂರ ಬಂದರೆ ಮತ್ತೆ ಎಣಿಸಬೇಕೇ ಹೊರತು ಚೌಕಾಸಿ ಮಾಡಿ ನಡುವಿನ ಸಂಖ್ಯೆಗೆ ಒಪ್ಪಿಕೊಳ್ಳಬಾರದು. ಕೊಕ್ಕು ರೆಕ್ಕೆಯೊಳಗೆ ಸಿಕ್ಕಿಸಿ ಮಲಗಿದ ಹೆಣ್ಣು ಬಾತುಗಳ ಗುರುತು ಸಿಗದಿದ್ದರೆ 'ಬಾತು, ಜಾತಿ ತಿಳಿಯದು, 40' ಅಂತ ಬರೆದರೆ ಏನೂ ಅವಮಾನವಿಲ್ಲ.

ಹಕ್ಕಿಯ ಜೊತೆಗೆ ನೀರಿನ ಮಟ್ಟವನ್ನೂ ತಪ್ಪದೆ ಬರೆಯಿರಿ. ತೂಬಿನ ಕಲ್ಲುಕಂಬ ಎಷ್ಟು ಅಡಿ ಮುಳುಗಿದೆ ಅಂದರೆ ಸಾಕು. ಕೆರೆ ಕೋಡಿ ಬಿದ್ದ ವರ್ಷ ಕೆಸರಂಚು ಮುಳುಗಿರುತ್ತದೆ, ಗೊರವಗಳಿಗೆ ಕಾಲಿಡಲು ಜಾಗವಿರುವುದಿಲ್ಲ, ಬೇರೆ ಕಡೆ ಹೋಗುತ್ತವೆ. ನೀರಿನ ಮಟ್ಟ ಬರೆದಿರದಿದ್ದರೆ ಐದು ವರ್ಷದ ಮೇಲೆ ಪಟ್ಟಿ ನೋಡಿದವರು ಗೊರವ ನಶಿಸಿತು ಅಂತ ತೀರ್ಮಾನ ಕೊಟ್ಟುಬಿಡುತ್ತಾರೆ. ಬಲೆ ಹಾಕಿದ್ದರೆ, ನಾಯಿಗಳ ಓಡಾಟ ಇದ್ದರೆ ಅದೂ ಒಂದು ಸಾಲು ಇರಲಿ. ಏನೂ ಕಾಣದ ದಿನದ ಪಟ್ಟಿಯನ್ನೂ ಎಸೆಯಬೇಡಿ.

ಈ ಪಟ್ಟಿಗಳನ್ನು ಹಕ್ಕಿಗಳ ದಾಖಲೆ ಕೂಡಿಡುವ ಜಾಲತಾಣ ಇ-ಬರ್ಡ್‌ಗೆ ಹಾಕಿ. ನಿಂತು ನೋಡುವ ಪ್ರತಿ ಜಾಗಕ್ಕೆ ಬೇರೆ ಪಟ್ಟಿ ಇರಲಿ. ಸಂಖ್ಯೆಯ ಬದಲು 'ಎಕ್ಸ್' ಗುರುತು ಹಾಕಿದರೆ ನಿಮ್ಮ ಬೆಳಗಿನ ಶ್ರಮವೆಲ್ಲ 'ಇತ್ತು' ಎಂಬ ಒಂದು ಮಾತಿಗೆ ಇಳಿಯುತ್ತದೆ. ಮರ್ಲಿನ್ ಆ್ಯಪ್ ದನಿ ಕೇಳಿ ಹೆಸರು ಸೂಚಿಸಿದರೆ ಅದನ್ನು ಸುಳಿವು ಅಂತ ಮಾತ್ರ ತಿಳಿದು, ಕಣ್ಣಾರೆ ಕಂಡ ಮೇಲೋ ನಿಮ್ಮ ಕಿವಿಗೇ ಖಾತ್ರಿಯಾದ ಮೇಲೋ ಬರೆದುಕೊಳ್ಳಿ. ಜನವರಿಯ ಎಣಿಕೆಯನ್ನು ಏಷ್ಯಾದ ನೀರುಹಕ್ಕಿ ಗಣತಿಗೆ ಕೊಡಿ. 1987ರಿಂದ ನಡೆದುಬಂದ ಈ ಗಣತಿ ಊರ ಬಳಗಗಳ ಮೇಲೆಯೇ ನಿಂತಿದೆ. ಹಳೆಯ ಫೋಟೊಗಳೂ ವ್ಯರ್ಥವಲ್ಲ. ಆದರೆ ವಾಟ್ಸಾಪಿನಲ್ಲಿ ಹೋದ ಚಿತ್ರದಲ್ಲಿ ತೆಗೆದ ದಿನಾಂಕದ ಮಾಹಿತಿ ಉಳಿಯುವುದಿಲ್ಲ, ಕ್ಯಾಮೆರಾ ಕಾರ್ಡಿನ ಮೂಲ ಫೈಲುಗಳಿಂದಲೇ ತಿಂಗಳುವಾರು ಜಾತಿಗಳ ಪಟ್ಟಿ ಮಾಡಿ. ನಿಮ್ಮ ಎರಡು ವರ್ಷದ ದಾಖಲೆ ಅಷ್ಟರಮಟ್ಟಿಗೆ ಉಳಿಯುತ್ತದೆ.

ಇನ್ನು ಕೆರೆ ಅಭಿವೃದ್ಧಿ. ಯೋಜನೆಯೇ ಬೇಡ ಅಂತ ಹೋದರೆ ಕೆಲಸ ಕೆಡುತ್ತದೆ. ವಾಕಿಂಗ್ ಮಾಡುವವರೂ ನಿಮ್ಮೂರವರೇ. ಮಾಹಿತಿ ಹಕ್ಕಿನಲ್ಲಿ ವಿವರವಾದ ಯೋಜನಾ ವರದಿ ಮತ್ತು ನಕ್ಷೆಯ ಪ್ರತಿ ಕೇಳಿ. ಹತ್ತು ರೂಪಾಯಿ ಶುಲ್ಕ, ಅರ್ಜಿ 150 ಪದದೊಳಗೆ, ಒಂದು ಅರ್ಜಿಗೆ ಒಂದೇ ವಿಷಯ. 30 ದಿನದಲ್ಲಿ ಉತ್ತರ ಬರಬೇಕು. ಜೊತೆಗೆ ಗ್ರಾಮ ನಕ್ಷೆ ಮತ್ತು ಆಕಾರ್‌ಬಂದ್ ತೆಗೆಸಿ ಕೆರೆಯ ವಿಸ್ತೀರ್ಣ ನೋಡಿಕೊಳ್ಳಿ. ಹಾದಿ ಎಲ್ಲಿ ಬರುತ್ತದೆ ಎಂಬುದಕ್ಕಿಂತ ಕೆರೆ ಎಲ್ಲಿಗೆ ಮುಗಿಯುತ್ತದೆ ಎಂಬುದೇ ಎಷ್ಟೋ ಕಡೆ ದೊಡ್ಡ ಪ್ರಶ್ನೆ.

ನಕ್ಷೆ ಕೈಗೆ ಬಂದಾಗ ಮೊದಲು ಆಳ ನೋಡಿ. ಕೆರೆ ಅಂಗಳವನ್ನು ಅಂಚಿನಿಂದ ಅಂಚಿಗೆ ಒಂದೇ ಆಳಕ್ಕೆ ಅಗೆದು ಸುತ್ತ ಕಡಿದಾಗಿ ಕಲ್ಲು ಕಟ್ಟಿದರೆ ನೀರೇನೋ ಹೆಚ್ಚು ನಿಲ್ಲುತ್ತದೆ, ಹಕ್ಕಿ ಉಳಿಯುವುದಿಲ್ಲ. ಚಿಕ್ಕ ಗೊರವಕ್ಕೆ ಬೇಕಾದ್ದು ಒದ್ದೆ ಕೆಸರು, ಹೆಚ್ಚೆಂದರೆ ನಾಲ್ಕೈದು ಸೆಂಟಿಮೀಟರ್ ನೀರು. ಮೆಟ್ಟುಗಾಲು ಹಕ್ಕಿ ಅದಕ್ಕಿಂತ ಒಂದಿಷ್ಟು ಒಳಗೆ ಹೋಗುತ್ತದೆ. ಬಣ್ಣದ ಕೊಕ್ಕರೆ, ಚಮಚ ಕೊಕ್ಕಿನ ಹಕ್ಕಿ ನಡೆದು ಮೇಯುವಂಥವು, ಅವುಗಳ ಕಾಲು ಎಟುಕುವಷ್ಟೇ ನೀರಿರಬೇಕು. ಸೂಜಿಬಾಲದ ಬಾತು ತಲೆ ಕೆಳಗಾಗಿ ಬಾಲ ಮೇಲೆತ್ತಿ ತಳ ಮುಟ್ಟುತ್ತದೆ, ಮುಳುಗಿ ಮೇಯುವ ಜಾತಿಯಲ್ಲ. ಒಂದಡಿ ಆಸುಪಾಸಿನ ನೀರು ಅದಕ್ಕೆ ಹಿತ. ನೀರುಕಾಗೆಗೂ ಗುಳುಮುಳುಕಕ್ಕೂ ಮಾತ್ರ ಆಳ ಒಗ್ಗುತ್ತದೆ. ಅಂದರೆ ಎಲ್ಲೆಡೆ ಒಂದೇ ಸಮ ಆಳ ಮಾಡಿದ ಕೆರೆಯಲ್ಲಿ ಕೊನೆಗೆ ಉಳಿಯುವುದು ನೀರುಕಾಗೆಯಂಥ ಕೆಲವೇ. ಹಿನ್ನೀರಿನ ಕಡೆ ಹತ್ತು ಅಡಿ ದೂರಕ್ಕೆ ಒಂದಡಿಯಷ್ಟೇ ಇಳಿಯುವ ಇಳಿಜಾರು ಬಿಡಿ ಅಂತ ಕೇಳಿ. ಅಲ್ಲಿ ಕಲ್ಲು ಬೇಡ, ದೀಪ ಬೇಡ, ಹಾದಿಯೂ ಬೇಡ. ಏರಿ ಕಡೆ ಜನ ನಡೆಯಲಿ, ಹಿನ್ನೀರು ಹಕ್ಕಿಗಿರಲಿ. ಇಷ್ಟು ಒಪ್ಪಿಸಿದರೆ ಅರ್ಧ ಗೆದ್ದಂತೆ. ಇದನ್ನು ಕೇಳುವಾಗಲೇ ನಿಮ್ಮ ಭಾಗವಾರು ಲೆಕ್ಕ ಮೇಜಿನ ಮೇಲಿರಬೇಕು.

ನೀರಲ್ಲಿ ನಿಂತ ಕರಿಜಾಲಿ ಮರಗಳಿದ್ದರೆ 'ಮುಳ್ಳುಗಿಡ ತೆರವು' ಎಂಬ ಬಾಬತ್ತಿನಲ್ಲಿ ಅವೂ ಸೇರಿವೆಯೇ ನೋಡಿ. ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆಯಲ್ಲಿ ಹಕ್ಕಿಗಳು ಗೂಡು ಕಟ್ಟುವುದು ಇಂಥ ಜಾಲಿ ಮರಗಳ ಮೇಲೆಯೇ. ಆ ಕೆರೆಯೂ, ಪಟ್ಟೆತಲೆ ಹೆಬ್ಬಾತುಗಳು ಬರುವ ಗದಗ ಜಿಲ್ಲೆಯ ಮಾಗಡಿ ಕೆರೆಯೂ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿ ಸೇರಿದವು. ಎರಡೂ ಬೇಸಾಯಕ್ಕೆಂದು ಕಟ್ಟಿದ ಕೆರೆಗಳೇ. ಆ ಪಟ್ಟಿಗೆ ಸೇರಲು ಇರುವ ಅರ್ಹತೆಗಳಲ್ಲಿ ಎರಡು ನೀರುಹಕ್ಕಿಗಳ ಲೆಕ್ಕದ್ದೇ: ಸಾಮಾನ್ಯವಾಗಿ 20,000 ಹಕ್ಕಿಗಳಿಗೆ ಆಸರೆಯಾಗಿರಬೇಕು, ಇಲ್ಲವೇ ಒಂದು ಜಾತಿಯ ಒಟ್ಟು ಸಂಖ್ಯೆಯ ನೂರಕ್ಕೆ ಒಂದು ಭಾಗವಾದರೂ ಅಲ್ಲಿರಬೇಕು.

ಕಾಮಗಾರಿಯ ತಿಂಗಳನ್ನೂ ಕೇಳಿ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ವಲಸೆ ಹಕ್ಕಿಗಳಿರುತ್ತವೆ. ಏಪ್ರಿಲ್–ಮೇನಲ್ಲಿ ನೀರಿಳಿದಾಗ ಟಿಟ್ಟಿಭವೂ ಮೆಟ್ಟುಗಾಲು ಹಕ್ಕಿಯೂ ಬರಿನೆಲದಲ್ಲೇ ಮೊಟ್ಟೆ ಇಡುತ್ತವೆ. ಪೂರ್ತಿ ಬಿಡುವಿನ ತಿಂಗಳು ಸಿಗುವುದಿಲ್ಲ, ಹಾಗಾಗಿ ಒಂದು ಬದಿ ಮುಗಿಸಿ ಇನ್ನೊಂದು ಬದಿ ಹಿಡಿಯಲಿ.

ಗೂಡುಪೆಟ್ಟಿಗೆ ವಿಚಾರಕ್ಕೆ ಬಂದರೆ, ನಿಮ್ಮ ಪೆಟ್ಟಿಗೆಯ ತೂತನ್ನು ಒಮ್ಮೆ ಅಳೆದು ನೋಡಿ. ಗುಬ್ಬಚ್ಚಿಗೆ 32 ಮಿಲಿಮೀಟರ್ ಸರಿ. ದೊಡ್ಡದಾದರೆ ಗೊರವಂಕ ನುಗ್ಗುತ್ತದೆ. ತೂತಿನಿಂದ ತಳಕ್ಕೆ 12 ಸೆಂಟಿಮೀಟರಾದರೂ ಇರಬೇಕು, ಇಲ್ಲದಿದ್ದರೆ ಬೆಕ್ಕು ಪಂಜ ಹಾಕುತ್ತದೆ. ಮುಂದೆ ಕೂರಲು ಕಡ್ಡಿ ಸಿಕ್ಕಿಸುವುದು ನಮ್ಮ ಕಣ್ಣಿನ ಚೆಂದಕ್ಕೆ. ಗುಬ್ಬಿಗೆ ಅದು ಬೇಕಿಲ್ಲ, ಕಾಗೆಗೆ ಅನುಕೂಲ. ನೆಲದಿಂದ ಎಂಟು–ಹತ್ತು ಅಡಿ ಎತ್ತರ, ಸೂರಿನ ಕೆಳಗೆ, ಉತ್ತರಕ್ಕೋ ಪೂರ್ವಕ್ಕೋ ಬಾಯಿ. ಪಶ್ಚಿಮಕ್ಕೆ ತೂಗಿದ ಪೆಟ್ಟಿಗೆ ಮಧ್ಯಾಹ್ನದ ಬಿಸಿಲಿಗೆ ಮರಿಗಳನ್ನು ಬೇಯಿಸುತ್ತದೆ, ಮುಂಗಾರಿನಲ್ಲಿ ನೀರು ಎರಚುತ್ತದೆ. ಗಾಳಿಗೆ ತೂಗಾಡದಂತೆ ಗೋಡೆಗೆ ಬಿಗಿಯಿರಿ. ಎಲ್ಲಕ್ಕಿಂತ ಮುಖ್ಯ, ಗುಬ್ಬಿ ಈಗಾಗಲೇ ಇರುವ ಬೀದಿಯಲ್ಲೇ ಹಾಕಬೇಕು. ಅದು ಗುಂಪಿನಲ್ಲಿ ಬಾಳುವ ಹಕ್ಕಿ, ಮನೆಗೊಂದರಂತೆ ಊರಿಗೆಲ್ಲ ಹಂಚಿದ ಪೆಟ್ಟಿಗೆಯನ್ನು ಹುಡುಕಿಕೊಂಡು ಬರುವುದಿಲ್ಲ. ಮರಿಗೆ ಮೊದಲ ದಿನಗಳಲ್ಲಿ ಬೇಕಾದ್ದು ಅಕ್ಕಿನುಚ್ಚಲ್ಲ, ಹುಳು. ಔಷಧಿ ಹೊಡೆಯದ ಪೊದೆಯೊಂದು ಹತ್ತಿರದಲ್ಲಿಲ್ಲದಿದ್ದರೆ ಪೆಟ್ಟಿಗೆ ಇದ್ದೂ ಪ್ರಯೋಜನವಿಲ್ಲ.

ಬಳಗದ ಹೆಸರು ಊರಲ್ಲಿ ಹರಡಿದ ಮೇಲೆ ಗಾಯದ ಹಕ್ಕಿಗಳು ನಿಮ್ಮ ಬಾಗಿಲಿಗೇ ಬರುತ್ತವೆ. ರಟ್ಟಿನ ಪೆಟ್ಟಿಗೆಗೆ ಗಾಳಿತೂತು ಮಾಡಿ, ಒಳಗೆ ಬಟ್ಟೆ ಹಾಸಿ, ಹಕ್ಕಿಯನ್ನಿಟ್ಟು ಮುಚ್ಚಿ ಕತ್ತಲಲ್ಲಿಡಿ. ಬಾಯಿಗೆ ನೀರು ಹಿಂಡಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಹಾಲಂತೂ ಬೇಡವೇ ಬೇಡ. ಮಾಂಜಾ ದಾರ ಸುತ್ತಿದ್ದರೆ ಎಳೆಯದೆ ಎರಡೂ ಕಡೆ ಕತ್ತರಿಸಿ, ಚರ್ಮದೊಳಗೆ ಹೂತ ಭಾಗವನ್ನು ಪಶುವೈದ್ಯರಿಗೆ ಬಿಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ಕಾಡುಹಕ್ಕಿಯನ್ನು ಮನೆಯಲ್ಲಿ ಸಾಕುವುದಕ್ಕೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಅವಕಾಶವಿಲ್ಲ. ಪುಕ್ಕ ಬಂದು ಬಾಲ ಮೋಟಾಗಿರುವ ಮರಿ ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆ, ಪೊದೆಯ ಮೇಲೆ ಕೂರಿಸಿ ಬಂದುಬಿಡಿ. ಪುಕ್ಕವಿಲ್ಲದ ಮರಿಯನ್ನು ಗೂಡಿಗೇ ಇಡಬಹುದು, ಮನುಷ್ಯರು ಮುಟ್ಟಿದರೆಂದು ತಾಯಿ ಬಿಡುವುದಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಬಳಗದವರು ಗೂಡಿನಿಂದ ಬಿದ್ದ ಮರಿಗಳನ್ನು ಬೇಲಿ ಹಾಕಿದ ಆವರಣದಲ್ಲಿಟ್ಟು, ಮೀನು ಕೊಟ್ಟು ಬೆಳೆಸಿ ಬಿಟ್ಟಿದ್ದು ಹೆಸರಾದ ಕೆಲಸ. ಅದನ್ನು ಕೇಳಿ ನೀವೂ ಹಿತ್ತಲಲ್ಲಿ ಶುರು ಮಾಡಬೇಡಿ. ಅಲ್ಲಿ ಊರಿಗೆ ಊರೇ ಜೊತೆಗಿತ್ತು, ಅನುಭವಿಗಳ ಮಾರ್ಗದರ್ಶನವಿತ್ತು. ಒಂದೇ ಕಡೆ ಹತ್ತಾರು ಹಕ್ಕಿ ಸತ್ತು ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟದೆ ಪಶುಪಾಲನಾ ಇಲಾಖೆಗೆ ಹೇಳಿ.

ಮುಂದಿನ ಮುಂಗಾರಿನ ಹೊತ್ತಿಗೆ ನಿಮ್ಮ ತಿಂಗಳ ಎಣಿಕೆಯ ಪಟ್ಟಿ ಕಳಿಸಿಕೊಡಿ, ನೀರಿನ ಮಟ್ಟದ ಕಾಲಂ ಸಮೇತ. ಪತ್ರಿಕೆಯಲ್ಲಿ ಹಾಕುತ್ತೇವೆ. ಗೂಬೆಯ ಪೊಟರೆ, ಗೂಡಿನ ಮರ ಇತ್ಯಾದಿ ಎಲ್ಲಿವೆ ಅಂತ ಅದರಲ್ಲಿ ಬರೆದಿದ್ದರೆ ಆ ಸಾಲುಗಳನ್ನಷ್ಟೇ ಕೈಬಿಟ್ಟು ಉಳಿದದ್ದನ್ನು ಅಚ್ಚು ಮಾಡುತ್ತೇವೆ.

— ಸಂ.